ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ನಿಲ್ಲುವ ಆಟ: ಕ್ಯಾಂಪಸ್ ನೆಟ್‌ವರ್ಕ್‌ನಲ್ಲಿ ಮಲ್ಟಿಕಾಸ್ಟ್ ಸರಿಪಡಿಸುವ ಬಗೆ

ಪ್ರಶ್ನೆ: ಉಡುಪಿ ಹತ್ತಿರದ ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಸಭಾಂಗಣದಲ್ಲಿ ನಡೆಯುವ ಯಕ್ಷಗಾನ, ವಾರ್ಷಿಕೋತ್ಸವಗಳನ್ನು ಎನ್‌ಕೋಡರ್‌ನಿಂದ (ವಿಡಿಯೊವನ್ನು ನೆಟ್‌ವರ್ಕ್‌ಗೆ ಬಿಡುವ ಪೆಟ್ಟಿಗೆ) 6 ಎಂಬಿಪಿಎಸ್ ಮಲ್ಟಿಕಾಸ್ಟ್ ಆಗಿ, ಅಂದರೆ ಕೇಳಿದವರಿಗೆಲ್ಲ ತಲುಪುವ ಒಂದೇ ಹರಿವಾಗಿ, ಬಿಡುತ್ತೇವೆ (ಗುಂಪು 239.20.1.1, ಪೋರ್ಟ್ 5004). ಮೊದಲು ಸಭಾಂಗಣದ ಹೊರಗಿನ ಮತ್ತು ಚೌಕಿಯ ಟಿವಿಗಳಿಗೆ ಮಾತ್ರ ಇತ್ತು, ಸರಿಯಾಗಿಯೇ ನಡೆಯುತ್ತಿತ್ತು. ಮೇ ತಿಂಗಳ ಸಿಡಿಲಿಗೆ ಅಲ್ಲಿನ ಸ್ವಿಚ್ ಹೋಗಿ ಹೊಸದು ಹಾಕಿದ ಮೇಲೆ ಟಿವಿ ಹಚ್ಚಿದ 4 ನಿಮಿಷ 20 ಸೆಕೆಂಡಿಗೆ ಚಿತ್ರ ನಿಲ್ಲುತ್ತದೆ. ಗುಂಪಿನ ವಿಳಾಸವನ್ನು 239.0.0.1 ಎಂದು ಬದಲಿಸಿದರೆ ನಿಲ್ಲುವುದಿಲ್ಲ, ಆದರೆ ಅದೇ ವಿಲ್ಯಾನ್‌ನ (ಸ್ವಿಚ್‌ಗಳೊಳಗೆ ಬೇರ್ಪಡಿಸಿದ ಉಪಜಾಲ) ಬೆರಳಚ್ಚು ಹಾಜರಿ ಯಂತ್ರಗಳು ಸ್ತಬ್ಧವಾಗುತ್ತವೆ. ಈ ವರ್ಷ ಗ್ರಂಥಾಲಯಕ್ಕೂ ರಸ್ತೆಯಾಚೆಯ ಹಾಸ್ಟೆಲಿಗೂ ಕೊಡಬೇಕೆಂದಿದೆ. ಕೋರ್ ಸ್ವಿಚ್‌ನಲ್ಲಿ ಮಲ್ಟಿಕಾಸ್ಟ್ ರೂಟಿಂಗ್ ಆನ್ ಮಾಡಿ, ಗ್ರಂಥಾಲಯದ ವಿಲ್ಯಾನ್ 20ಕ್ಕೂ ಹಾಸ್ಟೆಲಿನ ಫೈಬರ್ ಲಿಂಕಿಗೂ ಪಿಮ್ (ಮಲ್ಟಿಕಾಸ್ಟನ್ನು ಜಾಲದಿಂದ ಜಾಲಕ್ಕೆ ದಾಟಿಸುವ ಪ್ರೋಟೋಕಾಲ್) ಹಾಕಿದ್ದೇನೆ. ಎಲ್ಲ ಕಡೆಯಿಂದ ಎನ್‌ಕೋಡರ್‌ಗೆ (10.20.10.5, ವಿಲ್ಯಾನ್ 10) ಪಿಂಗ್ ಹೋಗುತ್ತದೆ, ಚಿತ್ರ ಮಾತ್ರ ಎಲ್ಲಿಗೂ ಬರುವುದಿಲ್ಲ. ಹಾಸ್ಟೆಲಿಗೆ ಫೈಬರ್ ಜೊತೆ ಒಂದು ವೈರ್‌ಲೆಸ್ ಬ್ರಿಡ್ಜ್ ಕೂಡ ಇದೆ. ಮೇ ತಿಂಗಳಲ್ಲಿ ಫೈಬರ್‌ನ ಮೀಡಿಯಾ ಕನ್ವರ್ಟರ್ ಸುಟ್ಟಾಗ ಹಾಸ್ಟೆಲಿನ ಡೀಫಾಲ್ಟ್ ರೂಟನ್ನು ಬ್ರಿಡ್ಜ್ ಕಡೆ ತಿರುಗಿಸಿದ್ದು ಹಾಗೇ ಇದೆ. ಎಲ್ಲಿ ತಪ್ಪಿದೆ?

ಉತ್ತರ: ಗಡಿಯಾರ ನೋಡಿ ಸೆಕೆಂಡಿನವರೆಗೆ ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. 4 ನಿಮಿಷ 20 ಸೆಕೆಂಡು ಎಂದರೆ 260 ಸೆಕೆಂಡು. ಇದು ಐಜಿಎಂಪಿಯ, ಅಂದರೆ ಯಾವ ಗುಂಪು ಬೇಕೆಂದು ಟಿವಿಗಳು ತಿಳಿಸುವ ಪ್ರೋಟೋಕಾಲ್‌ನ, ಲೆಕ್ಕದಿಂದಲೇ ಬರುವ ಅಂಕಿ.

ಟಿವಿ ಪೆಟ್ಟಿಗೆ ಚಾನೆಲ್ ತೆರೆದ ಕೂಡಲೇ "ಈ ಗುಂಪು ನನಗೆ ಬೇಕು" ಎಂಬ ರಿಪೋರ್ಟನ್ನು ತಾನಾಗಿಯೇ ಕಳಿಸುತ್ತದೆ. ಸ್ವಿಚ್‌ನ ಸ್ನೂಪಿಂಗ್ ಅದನ್ನು ಕದ್ದು ಕೇಳಿ, ಯಾವ ಪೋರ್ಟಿಗೆ ಯಾವ ಗುಂಪು ಎಂದು ಬರೆದುಕೊಳ್ಳುತ್ತದೆ. ಆ ಬರಹಕ್ಕೆ ಆಯುಷ್ಯ ಇದೆ: ಕ್ವೆರಿ ಅಂತರ 125 ಸೆಕೆಂಡು, ಅದರ ಎರಡು ಪಟ್ಟು 250, ಉತ್ತರಕ್ಕೆ ಕಾಯುವ 10 ಸೇರಿ 260. ಅಷ್ಟರೊಳಗೆ "ಇನ್ನೂ ಯಾರ್ಯಾರು ನೋಡುತ್ತಿದ್ದೀರಿ?" ಎಂದು ಯಾರಾದರೂ ಕೇಳಬೇಕು. ಕೇಳಿದರೆ ಮಾತ್ರ ಟಿವಿ ಮತ್ತೆ ಉತ್ತರ ಕೊಡುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಹೀಗೆ ಕೇಳುವವನೇ ಕ್ವೆರಿಯರ್. ನಿಮ್ಮ ವಿಲ್ಯಾನ್ 10ರಲ್ಲಿ ಈಗ ಅವನಿಲ್ಲ. ಸುಟ್ಟುಹೋದ ಹಳೆಯ ಸ್ವಿಚ್ಚೇ ಆ ಕೆಲಸ ಮಾಡುತ್ತಿದ್ದಿರಬೇಕು. ಹೊಸದು ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಸ್ನೂಪಿಂಗ್ ಆನ್, ಕ್ವೆರಿಯರ್ ಆಫ್ ಸ್ಥಿತಿಯಲ್ಲಿದೆ. ಜೊತೆಗೆ ಗುರುತಿಲ್ಲದ ಮಲ್ಟಿಕಾಸ್ಟನ್ನು ಬಿಸಾಡುವ ಆಯ್ಕೆಯೂ ಆನ್ ಇರಲೇಬೇಕು, ಒಮ್ಮೆ ನೋಡಿ. ಆ ಆಯ್ಕೆ ಆಫ್ ಇದ್ದ ಸ್ವಿಚ್‌ನಲ್ಲಿ ಬರಹ ಅಳಿದ ಮೇಲೆ ಚಿತ್ರ ನಿಲ್ಲುವುದಿಲ್ಲ, ಬದಲಿಗೆ ಎಲ್ಲ ಪೋರ್ಟಿಗೂ ಹರಿಯತೊಡಗುತ್ತದೆ. ರೋಗ ಒಂದೇ, ಲಕ್ಷಣ ಎರಡು. ಸಿಸ್ಕೊ ಐಒಎಸ್ ರೂಟರ್‌ಗಳಲ್ಲಿ ಕ್ವೆರಿ ಅಂತರ ಮೊದಲಿಂದಲೇ 60 ಸೆಕೆಂಡು, ಹಾಗಾಗಿ ಬೇರೆ ಜಾಗದಲ್ಲಿ ಇದೇ ತೊಂದರೆ ಬೇರೆ ನಿಮಿಷಕ್ಕೆ ಕಾಣಿಸಬಹುದು.

239.0.0.1ಕ್ಕೆ ಬದಲಿಸಿದಾಗ ನಿಲ್ಲಲಿಲ್ಲ ಎಂಬುದು ಪರಿಹಾರವಲ್ಲ, ಇನ್ನೊಂದು ಮೋಸ. ಮಲ್ಟಿಕಾಸ್ಟ್ ಐಪಿ ವಿಳಾಸದಲ್ಲಿ ಬದಲಾಗುವ ಬಿಟ್‌ಗಳು 28. ಸ್ವಿಚ್‌ಗಳು ನೋಡುವ ಮ್ಯಾಕ್ ವಿಳಾಸಕ್ಕೆ ಇಳಿಯುವುದು ಕೊನೆಯ 23 ಮಾತ್ರ. ಐದು ಬಿಟ್ ಕಳೆದುಹೋಗುವುದರಿಂದ 32 ಐಪಿ ಗುಂಪುಗಳಿಗೆ ಒಂದೇ ಮ್ಯಾಕ್. 239.0.0.1ರ ಮ್ಯಾಕ್ 01-00-5ಇ-00-00-01. ಅದು 224.0.0.1ರ, ಅಂದರೆ "ಈ ತಂತಿಯ ಮೇಲಿರುವ ಎಲ್ಲರೂ" ಎಂಬ ಗುಂಪಿನ ಮ್ಯಾಕ್ ಕೂಡ. 224.0.0 ಸಾಲಿನ ವಿಳಾಸಗಳನ್ನು ಸ್ವಿಚ್ ಎಲ್ಲ ಪೋರ್ಟಿಗೂ ಬಿಡಲೇಬೇಕು. ಮ್ಯಾಕ್ ನೋಡಿ ನಿರ್ಧರಿಸುವ ಸ್ವಿಚ್ ನಿಮ್ಮ ಆಟವನ್ನೂ ಅದರ ಜೊತೆ ಊರಿಗೆಲ್ಲ ಹಂಚುತ್ತದೆ. ಸೆಕೆಂಡಿಗೆ ಆರು ನೂರರ ಹತ್ತಿರ ಬೇಡದ ಪ್ಯಾಕೆಟ್ ಬಂದು ಬಿದ್ದರೆ ಹಾಜರಿ ಯಂತ್ರದ ಪುಟ್ಟ ಪ್ರೊಸೆಸರ್ ಇನ್ನೇನು ಮಾಡೀತು! 239.0.0 ಮತ್ತು 239.128.0 ಎಂದು ಶುರುವಾಗುವ ಗುಂಪುಗಳನ್ನು ಮುಟ್ಟಲೇಬೇಡಿ. 239.20.1.1 ಒಳ್ಳೆಯ ವಿಳಾಸ, ಅದಕ್ಕೇ ಮರಳಿ. ಆದರೆ ಮುಂದೆ ಇನ್ನೊಂದು ಚಾನೆಲ್‌ಗೆ 239.148.1.1 ಕೊಡಬೇಡಿ, ಎರಡಕ್ಕೂ ಮ್ಯಾಕ್ ಒಂದೇ.

ಕ್ವೆರಿಯರ್ ಎಲ್ಲಿಂದ ತರುವುದು? ಸಭಾಂಗಣಕ್ಕಷ್ಟೇ ಸೀಮಿತವಾಗಿದ್ದರೆ ಸ್ವಿಚ್‌ನಲ್ಲಿ ಸ್ನೂಪಿಂಗ್ ಕ್ವೆರಿಯರ್ ಆನ್ ಮಾಡಿ, ಅದಕ್ಕೆ ಆ ವಿಲ್ಯಾನ್‌ನದೇ ಒಂದು ಐಪಿ ಕೊಟ್ಟರೆ ಸಾಕಿತ್ತು. ಐಪಿ ಕೊಡದಿದ್ದರೆ ಕೆಲವು ಸ್ವಿಚ್‌ಗಳು 0.0.0.0ಯಿಂದ ಕೇಳುತ್ತವೆ, ಅದಕ್ಕೆ ಓಗೊಡದ ಟಿವಿ ಪೆಟ್ಟಿಗೆಗಳಿವೆ. ಆದರೆ ನಿಮಗೀಗ ವಿಲ್ಯಾನ್ ದಾಟಿಸಬೇಕಾಗಿದೆ. ವಿಲ್ಯಾನ್ 10ರ ಗೇಟ್‌ವೇ ಇಂಟರ್‌ಫೇಸಿಗೆ ಪಿಮ್ ಹಾಕಿದ ಕ್ಷಣ ಕೋರ್ ಸ್ವಿಚ್ ತಾನೇ ಅಲ್ಲಿ ಕ್ವೆರಿಯರ್ ಆಗುತ್ತದೆ. ಒಂದಕ್ಕಿಂತ ಹೆಚ್ಚು ಇದ್ದರೆ ಚಿಕ್ಕ ಐಪಿಯವನು ಗೆಲ್ಲುತ್ತಾನೆ, ಆದ್ದರಿಂದ ಗೇಟ್‌ವೇ 10.20.10.1 ಆಗಿದ್ದರೆ ಜಗಳವಿಲ್ಲ.

ಇಲ್ಲೇ ನಿಮ್ಮ ಎರಡನೆಯ ತೊಂದರೆಯ ಬೇರೂ ಇದೆ. ವಿಲ್ಯಾನ್ 20ಕ್ಕೆ ಪಿಮ್ ಹಾಕಿದ್ದೀರಿ, ಎನ್‌ಕೋಡರ್ ಇರುವ ವಿಲ್ಯಾನ್ 10ಕ್ಕೆ ಹಾಕಿಲ್ಲ. ನೋಡುವವರ ಕಡೆ ಇದ್ದರೆ ಸಾಕು, ಕಳಿಸುವ ಕಡೆ ಏಕೆ ಎಂದು ಬಹಳ ಮಂದಿ ಹಾಗೇ ಬಿಡುತ್ತಾರೆ. ಪಿಮ್ ಇಲ್ಲದ ಇಂಟರ್‌ಫೇಸ್‌ನಿಂದ ಒಳಬಂದ ಮಲ್ಟಿಕಾಸ್ಟನ್ನು ರೂಟರ್ ಮುಂದಕ್ಕೆ ಬಿಡುವುದಿಲ್ಲ. ಮೂಲದಿಂದ ನೋಡುಗನವರೆಗೆ ದಾರಿಯಲ್ಲಿ ಸಿಗುವ ಪ್ರತಿಯೊಂದು ಲೇಯರ್ 3 (ರೂಟಿಂಗ್ ಮಾಡುವ) ಇಂಟರ್‌ಫೇಸಿಗೂ ಪಿಮ್ ಬೇಕು. ಪ್ರಶ್ನೆಯಲ್ಲಿ ಆರ್‌ಪಿ (ರಾಂಡೆವೂ ಪಾಯಿಂಟ್, ಸಂಧಿಸುವ ರೂಟರ್) ಬಗ್ಗೆ ಒಂದು ಮಾತೂ ಇಲ್ಲ. ಕೇಳಿದವರ ಕಡೆಗೆ ಮಾತ್ರ ಕಳಿಸುವ ಸ್ಪಾರ್ಸ್ ಮೋಡ್‌ನಲ್ಲಿ ಅದಿಲ್ಲದೆ ನೋಡುಗನ ಬೇಡಿಕೆಯೂ ಮೂಲದ ಹರಿವೂ ಸಂಧಿಸುವ ಜಾಗವೇ ಇರುವುದಿಲ್ಲ.

ಕೋರ್ ಸ್ವಿಚ್‌ನಲ್ಲಿ ಹೀಗಿರಲಿ. ಆಜ್ಞೆಗಳು ಐಒಎಸ್ ಶೈಲಿಯವು. ಟೈಪ್ ಮಾಡುವುದು ರೋಮನ್ ಅಕ್ಷರದಲ್ಲೇ, ಇಲ್ಲಿ ಉಚ್ಚಾರಣೆಯಂತೆ ಬರೆದಿದೆ:

ಐಪಿ ಮಲ್ಟಿಕಾಸ್ಟ್-ರೂಟಿಂಗ್
ಇಂಟರ್‌ಫೇಸ್ ಲೂಪ್‌ಬ್ಯಾಕ್ 0
ಐಪಿ ಅಡ್ರೆಸ್ 10.20.254.1 255.255.255.255
ಐಪಿ ಪಿಮ್ ಸ್ಪಾರ್ಸ್-ಮೋಡ್
ಇಂಟರ್‌ಫೇಸ್ ವಿಲ್ಯಾನ್ 10
ಐಪಿ ಪಿಮ್ ಸ್ಪಾರ್ಸ್-ಮೋಡ್
ಇಂಟರ್‌ಫೇಸ್ ವಿಲ್ಯಾನ್ 20
ಐಪಿ ಪಿಮ್ ಸ್ಪಾರ್ಸ್-ಮೋಡ್
(ಹಾಸ್ಟೆಲಿನ ಫೈಬರ್, ಬ್ರಿಡ್ಜ್ ಎರಡೂ ಇಂಟರ್‌ಫೇಸಿಗೆ ಇದೇ ಸಾಲು)
ಐಪಿ ಪಿಮ್ ಆರ್‌ಪಿ-ಅಡ್ರೆಸ್ 10.20.254.1

ಹಾಸ್ಟೆಲಿನ ಲೇಯರ್ 3 ಸ್ವಿಚ್‌ನಲ್ಲೂ ಮೊದಲ ಸಾಲು, ಅಲ್ಲಿನ ಟಿವಿಗಳ ವಿಲ್ಯಾನ್‌ಗೂ (30 ಎಂದಿಟ್ಟುಕೊಳ್ಳಿ) ಎರಡು ಲಿಂಕಿಗೂ ಪಿಮ್, ಕೊನೆಗೆ ಅದೇ ಆರ್‌ಪಿ ಸಾಲು. ಆರ್‌ಪಿ ವಿಳಾಸದ ಒಂದು ಅಂಕಿ ಎರಡು ಕಡೆ ಬೇರೆಯಾದರೂ ಯಾವ ದೂರೂ ಬರುವುದಿಲ್ಲ, ಚಿತ್ರವೂ ಬರುವುದಿಲ್ಲ. ಕೆಲವು ಮಾದರಿಗಳಲ್ಲಿ ಮೊದಲ ಆಜ್ಞೆಯ ಕೊನೆಗೆ "ಡಿಸ್ಟ್ರಿಬ್ಯೂಟೆಡ್" ಎಂಬ ಪದ ಸೇರಿಸಬೇಕಾಗುತ್ತದೆ. ಹಳೆಯ ಕ್ಯಾಟಲಿಸ್ಟ್ 3560, 3750ಗಳ ಐಪಿ ಬೇಸ್ ಪರವಾನಗಿಯಲ್ಲಿ ಪಿಮ್ ಸ್ಟಬ್ ಮಾತ್ರ ಸಿಗುತ್ತದೆ. ನಿಮ್ಮದು ಆ ಕಾಲದ್ದಾದರೆ ಮೊದಲು ಅದನ್ನು ನೋಡಿಕೊಳ್ಳಿ. ಹುವಾವೆ ಸ್ವಿಚ್‌ಗಳಲ್ಲಿ ಪಿಮ್ ಹಾಕಿದರೆ ಐಜಿಎಂಪಿ ತಾನಾಗಿ ಬರುವುದಿಲ್ಲ, ನೋಡುಗರ ಕಡೆಯ ಇಂಟರ್‌ಫೇಸಿಗೆ ಐಜಿಎಂಪಿ ಎನೇಬಲ್ ಎಂದು ಬೇರೆಯೇ ಕೊಡಬೇಕು.

ಆರ್‌ಪಿಯನ್ನು ಕೋರ್‌ನಲ್ಲೇ ಇಡಲು ಕಾರಣವಿದೆ. ಎನ್‌ಕೋಡರ್‌ನ ಮೊದಲ ರೂಟರೂ ಅದೇ, ಆರ್‌ಪಿಯೂ ಅದೇ ಆದಾಗ ರಿಜಿಸ್ಟರ್ ಎಂಬ ಹಂತವೇ ಉಳಿಯುವುದಿಲ್ಲ. ಆರ್‌ಪಿ ದೂರದಲ್ಲಿದ್ದರೆ ಮೊದಲ ರೂಟರ್ ಪ್ಯಾಕೆಟನ್ನು ಯೂನಿಕಾಸ್ಟ್ (ಒಬ್ಬರಿಗೇ ಹೋಗುವ) ಲಕೋಟೆಯೊಳಗಿಟ್ಟು ಆರ್‌ಪಿಗೆ ಕಳಿಸಬೇಕು, ನಡುವೆ ಫೈರ್‌ವಾಲ್ ಇದ್ದರೆ ಪ್ರೋಟೋಕಾಲ್ 103 ಬಿಡಬೇಕು, ಹೀಗೆ ತಲೆನೋವು ಬೆಳೆಯುತ್ತದೆ. ಆರ್‌ಪಿಯ ವಿಳಾಸವನ್ನು ತಾವಾಗಿ ಸಾರುವ ಆಟೋ-ಆರ್‌ಪಿ, ಬಿಎಸ್‌ಆರ್ ಇವೆಲ್ಲ ಎರಡು ರೂಟರ್‌ಗಳ ಕ್ಯಾಂಪಸ್ಸಿಗೆ ಅತಿಯಾಯಿತು. ಡೆನ್ಸ್ ಮೋಡ್ ಸುಲಭ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಮೊದಲು ಎಲ್ಲ ಕಡೆ ಸುರಿದು ಆಮೇಲೆ ಬೇಡದವರನ್ನು ಕಡಿಯುವ ಪದ್ಧತಿ, ನಿಮ್ಮ ವೈರ್‌ಲೆಸ್ ಬ್ರಿಡ್ಜ್ ತಡೆದುಕೊಳ್ಳುವುದಿಲ್ಲ.

ಇಷ್ಟಾದ ಮೇಲೂ ಗ್ರಂಥಾಲಯಕ್ಕೆ ಬಾರದಿದ್ದರೆ ಎನ್‌ಕೋಡರ್‌ನ ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದೆಂಬ ಅಂಕಿ) ನೋಡಿ. ಮಲ್ಟಿಕಾಸ್ಟ್ ಪ್ಯಾಕೆಟಿಗೆ ಕಾರ್ಯಾಚರಣ ವ್ಯವಸ್ಥೆ ತಾನಾಗಿ ಕೊಡುವ ಟಿಟಿಎಲ್ 1. ಅದು ಸಭಾಂಗಣದೊಳಗೆ ಚೆನ್ನಾಗಿ ಓಡಾಡುತ್ತದೆ, ಮೊದಲ ರೂಟರ್‌ನ ಹೊಸ್ತಿಲಲ್ಲೇ ಸಾಯುತ್ತದೆ. ಎನ್‌ಕೋಡರ್‌ನ ಪುಟದಲ್ಲಿ 8 ಅಥವಾ 16 ಕೊಡಿ. ವಿಎಲ್‌ಸಿಯಿಂದ ಕಳಿಸುವುದಾದರೆ ಟಿಟಿಎಲ್ ಆಯ್ಕೆಯನ್ನು ಕೈಯಾರೆ ಬರೆಯಬೇಕು. ರೂಟರ್‌ನಲ್ಲಿ "ಶೋ ಐಪಿ ಟ್ರಾಫಿಕ್" ಕೊಟ್ಟಾಗ ಬ್ಯಾಡ್ ಹಾಪ್ ಕೌಂಟ್ ಎಂಬ ಅಂಕಿ ಓಡುತ್ತಿದ್ದರೆ ಇದೇ ಕಾರಣ. ಪಿಂಗ್‌ನ ಟಿಟಿಎಲ್ ದೊಡ್ಡದು, ಹಾಗಾಗಿ ಪಿಂಗ್ ನಂಬಿ ಕುಳಿತರೆ ಇದು ಎಂದೂ ಗೊತ್ತಾಗುವುದಿಲ್ಲ.

ಹಾಸ್ಟೆಲಿನದ್ದು ಬೇರೆಯೇ ಕಥೆ, ಅಲ್ಲೂ ಸಿಡಿಲಿನ ಪಾಲಿದೆ. ಯೂನಿಕಾಸ್ಟ್ ರೂಟರ್ ಕೇಳುವುದು "ಈ ಪ್ಯಾಕೆಟ್ ಎಲ್ಲಿಗೆ ಹೋಗಬೇಕು" ಎಂದು. ಮಲ್ಟಿಕಾಸ್ಟ್ ರೂಟರ್ ಕೇಳುವುದು "ಇದು ಬರಬೇಕಾದ ಬಾಗಿಲಿನಿಂದಲೇ ಬಂತೇ" ಎಂದು. ಇದೇ ಆರ್‌ಪಿಎಫ್ ತಪಾಸಣೆ. ಬರಬೇಕಾದ ಬಾಗಿಲು ಯಾವುದೆಂದು ಅದು ತನ್ನ ಯೂನಿಕಾಸ್ಟ್ ರೂಟಿಂಗ್ ಪಟ್ಟಿಯಲ್ಲೇ ಹುಡುಕುತ್ತದೆ: ನಾನು 10.20.10.5ಕ್ಕೆ ಹೋಗುವುದಾದರೆ ಯಾವ ಕಡೆಯಿಂದ ಹೋಗುತ್ತಿದ್ದೆ? ನಿಮ್ಮ ಹಾಸ್ಟೆಲ್ ಸ್ವಿಚ್ಚಿನ ಡೀಫಾಲ್ಟ್ ರೂಟ್ ಇನ್ನೂ ಬ್ರಿಡ್ಜ್ ಕಡೆಗಿದೆ, ಪಿಮ್ ಇರುವುದು ಫೈಬರ್ ಮೇಲೆ. ಹಾಗಾಗಿ ಟಿವಿಯ ಬೇಡಿಕೆಯನ್ನು ಮೇಲಕ್ಕೆ ದಾಟಿಸಲು ಅದಕ್ಕೆ ನೆರೆಯವನೇ ಸಿಗುವುದಿಲ್ಲ. ಪಿಂಗ್ ಮಾತ್ರ ಬ್ರಿಡ್ಜ್ ಮೇಲೆ ಆರಾಮವಾಗಿ ಹೋಗಿ ಬರುತ್ತದೆ. ರೂಟನ್ನು ಮರಳಿ ಫೈಬರ್‌ಗೆ ತನ್ನಿ, ಬ್ರಿಡ್ಜನ್ನು ಮೀಸಲಾಗಿಡಿ. ಫೈಬರ್‌ನ ಕೋರ್ ತುದಿ 10.20.255.1, ಬ್ರಿಡ್ಜ್‌ನದು 10.20.255.5 ಎಂದಿಟ್ಟುಕೊಂಡರೆ:

ಐಪಿ ರೂಟ್ 0.0.0.0 0.0.0.0 10.20.255.1
ಐಪಿ ರೂಟ್ 0.0.0.0 0.0.0.0 10.20.255.5 200

ಹಳೆಯ ಸಾಲು ಇನ್ನೂ ಉಳಿದಿದ್ದರೆ "ನೋ" ಹಚ್ಚಿ ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ಎರಡೂ ಸಮಬಲದವಾಗುತ್ತವೆ. ಒಂದು ಎಚ್ಚರ: ತೂಕ 200ರ ಮೀಸಲು ರೂಟ್ ಎಚ್ಚರಗೊಳ್ಳುವುದು ಫೈಬರ್ ಇಂಟರ್‌ಫೇಸ್ ಡೌನ್ ಆದಾಗ ಮಾತ್ರ. ನಡುವೆ ಮೀಡಿಯಾ ಕನ್ವರ್ಟರ್ ಇದ್ದರೆ, ಫೈಬರ್ ತುಂಡಾದರೂ ತಾಮ್ರದ ಕಡೆಯ ದೀಪ ಉರಿಯುತ್ತಲೇ ಇರುತ್ತದೆ, ಸ್ವಿಚ್ಚಿಗೆ ಸುದ್ದಿಯೇ ಮುಟ್ಟುವುದಿಲ್ಲ. ಫೈಬರ್ ಕಡಿದರೆ ತಾಮ್ರದ ಕಡೆಯನ್ನೂ ಇಳಿಸುವ, ಕನ್ವರ್ಟರ್‌ನ ಲಿಂಕ್ ಫಾಲ್ಟ್ ಪಾಸ್-ಥ್ರೂ ಡಿಪ್ ಸ್ವಿಚ್ ಆನ್ ಮಾಡಿ, ಅಥವಾ ಕನ್ವರ್ಟರನ್ನೇ ಕಿತ್ತು ಎಸ್‌ಎಫ್‌ಪಿ (ಫೈಬರ್ ಮಾಡ್ಯೂಲ್) ನೇರ ಸ್ವಿಚ್ಚಿಗೆ ಹಾಕಿ, ಇಲ್ಲವೇ ಎರಡೂ ಲಿಂಕಿನ ಮೇಲೆ ದಾರಿಯನ್ನು ತಾನೇ ಕಂಡುಕೊಳ್ಳುವ ಓಎಸ್‌ಪಿಎಫ್ ನಡೆಸಿ. ಕರಾವಳಿಯಲ್ಲಿ ಏಪ್ರಿಲ್–ಮೇ ಸಿಡಿಲು ಮತ್ತು ಅಕ್ಟೋಬರ್‌ನ ಸಂಜೆ ಮಳೆ ಎರಡನ್ನೂ ದಾಟಬೇಕಾದ ಲಿಂಕಿಗೆ ಎಸ್‌ಎಫ್‌ಪಿಯೇ ಮೇಲು. ಸುಡಲು ಒಂದು ಪೆಟ್ಟಿಗೆ, ಒಂದು ಅಡಾಪ್ಟರ್ ಕಡಿಮೆ.

ರೂಟ್ ಬದಲಿಸಲು ಆಗದ ಸಂದರ್ಭದಲ್ಲಿ "ಐಪಿ ಎಂರೂಟ್" ಎಂಬ ಆಜ್ಞೆ ಇದೆ. ಹೆಸರು ನೋಡಿ ಇದು ಹರಿವನ್ನು ಮುಂದಕ್ಕೆ ಕಳಿಸುತ್ತದೆ ಎಂದು ಮೋಸಹೋಗುವವರುಂಟು. ಇದು ಕೊಡುವುದು ಆರ್‌ಪಿಎಫ್‌ಗೆ ಉತ್ತರ ಅಷ್ಟೇ: "ಈ ಮೂಲ ಈ ಕಡೆಯಿಂದ ಬಂದರೆ ಒಪ್ಪಿಕೋ." ಮೂಲದ ಜಾಲಕ್ಕೂ ಆರ್‌ಪಿಯ ವಿಳಾಸಕ್ಕೂ ಎರಡಕ್ಕೂ ಬರೆಯಬೇಕು, ಏಕೆಂದರೆ ಮೊದಲ ಬೇಡಿಕೆ ಹೋಗುವುದು ಆರ್‌ಪಿ ಕಡೆಗೆ.

ಪರೀಕ್ಷೆ ಮಾಡುವಾಗ ಎನ್‌ಕೋಡರ್ ಪಕ್ಕ ಕೂರಬೇಡಿ, ಹಾಸ್ಟೆಲಿಗೆ ಹೋಗಿ. ಮಲ್ಟಿಕಾಸ್ಟ್‌ನ ಮರ ಬೆಳೆಯುವುದು ಎಲೆಯಿಂದ ಬೇರಿನ ಕಡೆಗೆ. ಮೇಲಿನಿಂದ ಹುಡುಕಿದರೆ ಪ್ರತಿ ಹಂತದಲ್ಲೂ "ಕೆಳಗೆ ಯಾರೂ ಕೇಳಿಲ್ಲ" ಎಂಬ ಉತ್ತರವೇ ಸಿಗುತ್ತದೆ. ಟಿವಿ ಹಚ್ಚಿ, ಹಾಸ್ಟೆಲ್ ಸ್ವಿಚ್‌ನಲ್ಲಿ "ಶೋ ಐಪಿ ಐಜಿಎಂಪಿ ಗ್ರೂಪ್ಸ್" ಕೊಡಿ. ಗುಂಪು ಅಲ್ಲಿಲ್ಲದಿದ್ದರೆ ತೊಂದರೆ ಟಿವಿ ಮತ್ತು ಈ ಸ್ವಿಚ್ ನಡುವೆ, ಮುಂದೆ ಹೋಗುವ ಅಗತ್ಯವೇ ಇಲ್ಲ. ನಡುವಿನ ಲೇಯರ್ 2 ಸ್ವಿಚ್ಚಿಗೆ ರೂಟರ್ ಕಡೆಯ ಪೋರ್ಟ್ ಯಾವುದೆಂದು ಗೊತ್ತಿದೆಯೇ ಎಂದು "ಶೋ ಐಪಿ ಐಜಿಎಂಪಿ ಸ್ನೂಪಿಂಗ್ ಎಂರೂಟರ್" ಹೇಳುತ್ತದೆ. ಗುಂಪು ಇದ್ದರೆ "ಶೋ ಐಪಿ ಪಿಮ್ ನೇಬರ್": ಹಲೋ 30 ಸೆಕೆಂಡಿಗೊಮ್ಮೆ ಹೋಗುತ್ತದೆ, ಹಾಗಾಗಿ ಅರ್ಧ ನಿಮಿಷದಲ್ಲಿ ಕೋರ್‌ನ ವಿಳಾಸ ಕಾಣಬೇಕು. ಆಮೇಲೆ "ಶೋ ಐಪಿ ಆರ್‌ಪಿಎಫ್ 10.20.254.1" ಮತ್ತು "ಶೋ ಐಪಿ ಆರ್‌ಪಿಎಫ್ 10.20.10.5", ಎರಡೂ ಫೈಬರ್ ಇಂಟರ್‌ಫೇಸ್ ತೋರಿಸಬೇಕು. ಕೊನೆಗೆ "ಶೋ ಐಪಿ ಎಂರೂಟ್ 239.20.1.1". ಅದರಲ್ಲಿ ನಕ್ಷತ್ರ-ಜಿ (ಯಾವ ಮೂಲದಿಂದಲಾದರೂ ಈ ಗುಂಪು) ಸಾಲೊಂದು, ಎಸ್-ಜಿ (ಇದೇ ಮೂಲದಿಂದ ಈ ಗುಂಪು) ಸಾಲೊಂದು ಇರುತ್ತದೆ. ಹಾಸ್ಟೆಲಿನಲ್ಲಿ ಇನ್‌ಕಮಿಂಗ್ ಇಂಟರ್‌ಫೇಸ್ "ನಲ್" ಎಂದಿದ್ದರೆ ಆರ್‌ಪಿಎಫ್ ಸೋತಿದೆ ಎಂದರ್ಥ. ಆರ್‌ಪಿಯೇ ಆಗಿರುವ ಕೋರ್‌ನಲ್ಲಿ ನಕ್ಷತ್ರ-ಜಿ ಸಾಲಿಗೆ "ನಲ್" ಇರುವುದು ಸಹಜ, ಗಾಬರಿ ಬೇಡ.

ಹರಿಯುತ್ತಿದೆಯೇ ಎಂದು ಅಂಕಿಯಲ್ಲಿ ನೋಡಲು "ಶೋ ಐಪಿ ಎಂರೂಟ್ ಕೌಂಟ್". ಎಂಪೆಗ್ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್‌ನ 188 ಬೈಟಿನ ಏಳು ತುಣುಕು ಸೇರಿ ಒಂದು ಪ್ಯಾಕೆಟಿಗೆ 1316 ಬೈಟ್; 6 ಎಂಬಿಪಿಎಸ್‌ಗೆ ಸೆಕೆಂಡಿಗೆ ಸುಮಾರು 570 ಪ್ಯಾಕೆಟ್. ಆಸುಪಾಸಿನ ಅಂಕಿ ಕಂಡರೆ ಸರಿ. ಆರ್‌ಪಿಎಫ್ ಫೇಲ್ಡ್ ಅಂಕಿ ಏರುತ್ತಿದ್ದರೆ ತಪ್ಪು ಬಾಗಿಲಿನಿಂದ ಬರುತ್ತಿದೆ. ಎನ್‌ಕೋಡರ್ ಬಿಡುವಿಲ್ಲದಾಗ ಐಪರ್ಫ್‌ನ ಎರಡನೇ ಆವೃತ್ತಿಯಿಂದ ಅದೇ ಗುಂಪಿಗೆ 6 ಎಂಬಿಪಿಎಸ್ ಯುಡಿಪಿ ಬಿಟ್ಟು ನೋಡಬಹುದು, ಟಿಟಿಎಲ್ ಆಯ್ಕೆ ಕೊಡಬೇಕು. ಐಪರ್ಫ್ 3ರಲ್ಲಿ ಮಲ್ಟಿಕಾಸ್ಟ್ ಇಲ್ಲ, ಅದನ್ನು ಹಿಡಿದು ಸಮಯ ಹಾಳು ಮಾಡಬೇಡಿ. ಪರೀಕ್ಷೆಯನ್ನು ಕನಿಷ್ಠ 10 ನಿಮಿಷ ಓಡಿಸಿ. ಎರಡು ಸಲ 260 ಸೆಕೆಂಡು ದಾಟದೆ ಕ್ವೆರಿಯರ್ ಸರಿಯಾಯಿತು ಎನ್ನಲಾಗದು. ರೂಟರ್ ಇಂಟರ್‌ಫೇಸಿಗೆ "ಐಪಿ ಐಜಿಎಂಪಿ ಜಾಯಿನ್-ಗ್ರೂಪ್" ಕೊಟ್ಟು ಗುಂಪಿಗೆ ಪಿಂಗ್ ಮಾಡಿ ನೋಡುವುದೂ ಉಪಾಯವೇ, ಆದರೆ ಮುಗಿದ ಕೂಡಲೇ ತೆಗೆಯಿರಿ. ಬಿಟ್ಟರೆ ಆಟದ ಪ್ರತಿ ಪ್ಯಾಕೆಟೂ ರೂಟರ್‌ನ ಸಿಪಿಯುಗೆ ಹೋಗುತ್ತದೆ.

ಟಿವಿ ಪೆಟ್ಟಿಗೆಗಳು ಐಜಿಎಂಪಿ 3ನೇ ಆವೃತ್ತಿ ಬಲ್ಲವಾದರೆ ಆರ್‌ಪಿಯ ಗೊಡವೆಯೇ ಇಲ್ಲದ ದಾರಿಯೊಂದಿದೆ: ಎಸ್‌ಎಸ್‌ಎಂ. ಗುಂಪನ್ನು 232.20.1.1 ಮಾಡಿ, ಎರಡೂ ಸ್ವಿಚ್‌ನಲ್ಲಿ "ಐಪಿ ಪಿಮ್ ಎಸ್‌ಎಸ್‌ಎಂ ಡೀಫಾಲ್ಟ್", ನೋಡುಗರ ವಿಲ್ಯಾನ್‌ಗಳಿಗೆ "ಐಪಿ ಐಜಿಎಂಪಿ ವರ್ಷನ್ 3" ಕೊಡಿ. ಟಿವಿ ಆಗ ಗುಂಪಿನ ಜೊತೆ ಮೂಲದ ವಿಳಾಸವನ್ನೂ ಹೇಳಿ ಕೇಳುತ್ತದೆ, ಬೇಡಿಕೆ ನೇರ ಎನ್‌ಕೋಡರ್ ಕಡೆ ಏರುತ್ತದೆ. ಹಾಸ್ಟೆಲಿನ ಯಾರೋ ಉತ್ಸಾಹಿ ತನ್ನ ಲ್ಯಾಪ್‌ಟಾಪ್‌ನಿಂದ ಅದೇ ಗುಂಪಿಗೆ ಸಿನಿಮಾ ಬಿಟ್ಟರೂ ರಂಗಸ್ಥಳದ ಚಿತ್ರದೊಳಗೆ ಅದು ನುಸುಳಲಾರದು. ಮೂಲ ಒಂದೇ, ಅದರ ವಿಳಾಸವೂ ಸ್ಥಿರ ಎನ್ನುವಾಗ ಇದೇ ಅತ್ಯುತ್ತಮ. ಪೆಟ್ಟಿಗೆಗಳಲ್ಲಿ ಒಂದೆರಡು ಹಳೆಯವಿದ್ದರೆ ಮಾತ್ರ 239.20.1.1 ಮತ್ತು ಆರ್‌ಪಿಯಲ್ಲೇ ಉಳಿಯಿರಿ.

ಹಾಸ್ಟೆಲಿನ ಹುಡುಗರು ಫೋನಿನಲ್ಲೂ ನೋಡಬೇಕು ಎನ್ನುತ್ತಾರೆ, ಖಂಡಿತ. ವೈಫೈ ಮೇಲೆ ಮಲ್ಟಿಕಾಸ್ಟ್ ಹೋಗುವುದು ಕೆಳಮಟ್ಟದ ಮೂಲ ವೇಗದಲ್ಲಿ, ಮುಟ್ಟಿತೋ ಇಲ್ಲವೋ ಎಂಬ ಮರುತ್ತರವೂ ಇಲ್ಲದೆ. ಆ ವೇಗ 1 ಎಂಬಿಪಿಎಸ್ ಇದ್ದರೆ 6 ಎಂಬಿಪಿಎಸ್‌ನ ಆಟ ಹೇಗೆ ಹಿಡಿಸೀತು? ಫೋನುಗಳಿಗೆ ಬೇರೆಯಾಗಿ ಎಚ್‌ಎಲ್‌ಎಸ್ (ಪ್ರತಿ ಫೋನಿಗೂ ಯೂನಿಕಾಸ್ಟ್ ಆಗಿ ಹೋಗುವ ವಿಡಿಯೊ) ಕೊಡಿ, ಮಲ್ಟಿಕಾಸ್ಟನ್ನು ತಂತಿಯ ಟಿವಿಗಳಿಗೆ ಇರಿಸಿ. ವೈಫೈ ವಿಲ್ಯಾನ್‌ಗೆ ಪಿಮ್ ಹಾಕದಿದ್ದರೆ ಅದು ಅತ್ತ ಹೋಗುವುದೂ ಇಲ್ಲ. ವೈರ್‌ಲೆಸ್ ಬ್ರಿಡ್ಜ್ ಕೂಡ ಇದೇ ಜಾತಿ. ಅದರ ಸೆಟ್ಟಿಂಗ್‌ನಲ್ಲಿ ಮಲ್ಟಿಕಾಸ್ಟನ್ನು ಯೂನಿಕಾಸ್ಟ್ ಆಗಿಸುವ ಆಯ್ಕೆ ಇದ್ದರೆ ಆನ್ ಮಾಡಿಡಿ, ಇಲ್ಲದಿದ್ದರೆ ಫೈಬರ್ ಹೋದ ದಿನ ರೂಟ್ ಬದಲಾದರೂ ಚಿತ್ರ ಚೂರುಚೂರಾಗುತ್ತದೆ.

ಚಾನೆಲ್ ಬದಲಾವಣೆ ಚುರುಕಾಗಲಿ ಎಂದು ಇಮಿಡಿಯೇಟ್ ಲೀವ್ (ಒಬ್ಬರು ಗುಂಪು ಬಿಟ್ಟ ಕೂಡಲೇ ಆ ಪೋರ್ಟಿಗೆ ಹರಿವು ನಿಲ್ಲಿಸುವುದು) ಆನ್ ಮಾಡುವ ಆಸೆ ಹುಟ್ಟಬಹುದು. ಒಂದು ಪೋರ್ಟಿಗೆ ಒಂದೇ ಟಿವಿ ಇದ್ದರೆ ಸರಿ. ಹಾಸ್ಟೆಲಿನ ಊಟದ ಕೋಣೆಯಲ್ಲಿ ಐದು ಪೋರ್ಟಿನ ಸಣ್ಣ ಸ್ವಿಚ್ ಹಾಕಿ ಎರಡು ಟಿವಿ ಎಳೆದಿದ್ದರೆ, ಒಂದನ್ನು ಆರಿಸಿದಾಗ ಇನ್ನೊಂದೂ ನಿಂತು, ಮುಂದಿನ ಕ್ವೆರಿಯವರೆಗೆ, ಅಂದರೆ ಒಂದೆರಡು ನಿಮಿಷದವರೆಗೂ ಕಪ್ಪಾಗಿರುತ್ತದೆ.

ಎಲ್ಲ ಸರಿಯಾದ ಮೇಲೆ ಎಂರೂಟ್ ಪಟ್ಟಿಯಲ್ಲಿ ನೀವು ಹಾಕದ 239.255.255.250 ಎಂಬ ಗುಂಪು ಎಲ್ಲ ವಿಲ್ಯಾನ್‌ನಲ್ಲೂ ಕಾಣಿಸುತ್ತದೆ. ಅದು ವಿಂಡೋಸ್ ಕಂಪ್ಯೂಟರ್, ಸ್ಮಾರ್ಟ್ ಟಿವಿಗಳು ಒಂದನ್ನೊಂದು ಹುಡುಕಲು ಕೂಗುವ ಎಸ್‌ಎಸ್‌ಡಿಪಿ, ತಪ್ಪೇನಲ್ಲ. ವಿಲ್ಯಾನ್ ದಾಟಿಸಬೇಕಾದ ಅಗತ್ಯವೂ ಇಲ್ಲ. ಆ ವಿಳಾಸವನ್ನು ನಿರಾಕರಿಸಿ ಉಳಿದದ್ದನ್ನು ಬಿಡುವ ಆಕ್ಸೆಸ್ ಲಿಸ್ಟ್ ಬರೆದು ವಿಲ್ಯಾನ್ ಇಂಟರ್‌ಫೇಸ್‌ಗಳಿಗೆ "ಐಪಿ ಮಲ್ಟಿಕಾಸ್ಟ್ ಬೌಂಡರಿ" ಆಗಿ ಹಚ್ಚಿ. ಇಂಟರ್ನೆಟ್ ಕಡೆಯ ಇಂಟರ್‌ಫೇಸಿಗೆ ಪಿಮ್ ಹಾಕಲೇಬೇಡಿ. ಆಮೇಲೆ ಎರಡೂ ಸ್ವಿಚ್‌ನಲ್ಲಿ "ರೈಟ್ ಮೆಮೊರಿ" ಕೊಟ್ಟು, ಕಾನ್ಫಿಗ್ ಪ್ರತಿಯೊಂದನ್ನು ಬೇರೆ ಕಡೆ ಇಟ್ಟುಕೊಳ್ಳಿ. ಸಭಾಂಗಣದ ಲೇಯರ್ 2 ಸ್ವಿಚ್ಚಿನದೂ ಅದರಲ್ಲಿ ಸೇರಿರಲಿ.